ಯಕೃತ್ತಿನ ಕಿಣ್ವಗಳು ಮತ್ತು ಔಷಧಗಳ ವಿಘಟನೆ: ಕೊಪ್ಪಳ ಸೀಮೆಯ ನಿದರ್ಶನಗಳೊಂದಿಗೆ

ದೇಹವನ್ನು ಹೊಕ್ಕ ಔಷಧದ ಅಣುಗಳನ್ನು ರಾಸಾಯನಿಕವಾಗಿ ಮಾರ್ಪಡಿಸಿ, ನೀರಿನಲ್ಲಿ ಕರಗುವ ರೂಪಕ್ಕೆ ತಂದು, ಮೂತ್ರದ ಇಲ್ಲವೆ ಪಿತ್ತರಸದ ಮೂಲಕ ಹೊರಬೀಳುವಂತೆ ಮಾಡುವ ಕ್ರಿಯೆಯನ್ನು ಔಷಧ ಚಯಾಪಚಯವೆಂದು ಕರೆಯಲಾಗುತ್ತದೆ. ಕರುಳಿನ ಗೋಡೆ, ಮೂತ್ರಪಿಂಡ, ಶ್ವಾಸಕೋಶ, ರಕ್ತ ಇವುಗಳಲ್ಲಿಯೂ ಈ ಕ್ರಿಯೆ ಅಷ್ಟಿಷ್ಟು ನಡೆಯುತ್ತದೆಯಾದರೂ ಅದರ ಬಹುಪಾಲು ಯಕೃತ್ತಿನ, ಎಂದರೆ ಪಿತ್ತಜನಕಾಂಗದ, ಜೀವಕೋಶಗಳಲ್ಲಿರುವ ಕಿಣ್ವಗಳ ಹೊಣೆ. ತಾನು ವ್ಯಯವಾಗದೆ ಒಂದು ನಿರ್ದಿಷ್ಟ ರಾಸಾಯನಿಕ ಕ್ರಿಯೆಯನ್ನು ಬಹುಪಟ್ಟು ತ್ವರಿತಗೊಳಿಸುವ ಪ್ರೋಟೀನೇ ಕಿಣ್ವ. ನುಂಗಿದ ಮಾತ್ರೆ ಕರುಳಿನ ಪೊರೆಗಳನ್ನು ದಾಟಬೇಕಾದರೆ ಅದಕ್ಕೆ ಕೊಬ್ಬಿನಲ್ಲಿ ಕರಗುವ ಗುಣ ಇರಬೇಕಾಗುತ್ತದೆ. ಅದೇ ಗುಣದಿಂದಾಗಿ ಮೂತ್ರಪಿಂಡದಲ್ಲಿ ಸೋಸಿಹೋದ ಮದ್ದು ಮತ್ತೆ ರಕ್ತಕ್ಕೆ ಹಿಂದಿರುಗುತ್ತದೆ. ಯಕೃತ್ತು ಮಾರ್ಪಡಿಸದೆ ಬಿಟ್ಟಿದ್ದರೆ ಇಂಥ ಎಷ್ಟೋ ಮದ್ದುಗಳು ವಾರಗಟ್ಟಲೆ ಮೈಯಲ್ಲೇ ಉಳಿಯುತ್ತಿದ್ದವು. ಒಂದು ಮಾತ್ರೆಯನ್ನು ದಿನಕ್ಕೆ ಮೂರು ಸಲವೂ ಇನ್ನೊಂದನ್ನು ಒಂದೇ ಸಲವೂ ನುಂಗಲು ವೈದ್ಯರು ಹೇಳುವುದರ ಹಿಂದೆ ಬಹುಮಟ್ಟಿಗೆ ಈ ಕಿಣ್ವಗಳ ವೇಗದ ಲೆಕ್ಕವಿದೆ. ಆ ವೇಗವಾದರೋ ಎಲ್ಲರಲ್ಲಿಯೂ ಒಂದೇ ಆಗಿರುವುದಿಲ್ಲ.

ರಾಯಚೂರು ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಮೂಲ ತಾಲೂಕುಗಳಾದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾಗಳ ಬದುಕು ಈ ವಿಷಯವನ್ನು ವಿವರಿಸಲು ಹಲವು ನಿದರ್ಶನಗಳನ್ನು ಒದಗಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗಂಗಾವತಿಯಲ್ಲಿ ಕೀಟನಾಶಕದ ಒಡನಾಟ ನಿತ್ಯದ್ದು. ಮಳೆಯನ್ನೇ ಹೆಚ್ಚಾಗಿ ನೆಚ್ಚಿದ ಕುಷ್ಟಗಿ, ಯಲಬುರ್ಗಾಗಳಿಂದ ಜನ ದುಡಿಮೆಗಾಗಿ ಗುಳೆ ಹೋಗುವುದರಿಂದ ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆಗಳ ಸರಣಿ ನಡುವೆಯೇ ಕಡಿಯುವ ಅಪಾಯವಿದೆ. ಯಕೃತ್ತಿನ ಕಿಣ್ವಗಳ ಅರಿವು ಪ್ರಯೋಗಶಾಲೆಗೆ ಎಷ್ಟು ಬೇಕೋ 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವಾರ್ಡುಗಳಿಗೂ ಹಳ್ಳಿಯ ಆರೋಗ್ಯ ಕೇಂದ್ರಗಳಿಗೂ ಅಷ್ಟೇ ಬೇಕು.

ಮೊದಲ ಹಾದಿಯ ಸುಂಕ

ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತಿಗೆ ಪ್ರತಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಹರಿದುಬರುತ್ತದೆ. ಅದರ ಮುಕ್ಕಾಲು ಪಾಲು ಬರುವುದು ಕರುಳಿನಿಂದ ಹೊರಟ ಪೋರ್ಟಲ್ ಅಭಿಧಮನಿಯ ಮೂಲಕ. ಉಂಡದ್ದು, ಕುಡಿದದ್ದು, ನುಂಗಿದ್ದು ಯಾವುದೇ ಇರಲಿ, ಅದರ ಬಹುಪಾಲು ಹೃದಯವನ್ನು ತಲುಪುವ ಮೊದಲು ಯಕೃತ್ತನ್ನು ಹಾಯ್ದು ಹೋಗಲೇಬೇಕು. ಈ ಮೊದಲ ದಾಟಿನಲ್ಲಿಯೇ ಕೆಲವು ಔಷಧಗಳ ದೊಡ್ಡ ಭಾಗ ವಿಘಟನೆಗೊಂಡು, ಉಳಿದ ಸ್ವಲ್ಪ ಮಾತ್ರ ದೇಹದ ಬೇರೆ ಭಾಗಗಳಿಗೆ ಸಿಗುತ್ತದೆ. ಇದಕ್ಕೆ ಪ್ರಥಮ ಹಾಯುವಿಕೆಯ ಪರಿಣಾಮವೆಂದು ಹೆಸರು. ಎದೆನೋವು ಬಂದಾಗ ಸಾರ್ಬಿಟ್ರೇಟ್ ಮಾತ್ರೆಯನ್ನು ನುಂಗದೆ ನಾಲಿಗೆಯ ಕೆಳಗೆ ಇಡಬೇಕೆಂದು ಹೇಳುವುದು ಇದಕ್ಕಾಗಿಯೇ: ಬಾಯಿಯ ಒಳಪದರದ ರಕ್ತನಾಳಗಳಿಂದ ಹೊರಟ ಮದ್ದು ಯಕೃತ್ತಿನ ದಾರಿಯನ್ನು ತಪ್ಪಿಸಿಕೊಂಡು ಕೆಲವೇ ನಿಮಿಷಗಳಲ್ಲಿ ಹೃದಯವನ್ನು ಮುಟ್ಟುತ್ತದೆ.

ದೇಹವು ತಾನು ಪಡೆದ ವಸ್ತುವನ್ನು ಬೇರೊಂದಾಗಿ ಮಾರ್ಪಡಿಸಿ ಹೊರಹಾಕುತ್ತದೆ ಎಂಬುದು ಖಚಿತವಾದದ್ದು 1840ರ ದಶಕದಲ್ಲಿ. ಬೆಂಜೋಯಿಕ್ ಆಮ್ಲ ಸೇವಿಸಿದವರ ಮೂತ್ರದಲ್ಲಿ ಹಿಪ್ಯೂರಿಕ್ ಆಮ್ಲ ಕಾಣಿಸಿಕೊಳ್ಳುವುದನ್ನು 1841ರಲ್ಲಿ ಅಲೆಕ್ಸಾಂಡರ್ ಯೂರ್ ವರದಿ ಮಾಡಿದನು. ಮರುವರ್ಷ ಜರ್ಮನಿಯ ವಿಲ್ಹೆಲ್ಮ್ ಕೆಲ್ಲರ್ ತಾನೇ ಆ ಆಮ್ಲವನ್ನು ಸೇವಿಸಿ ಅದನ್ನು ದೃಢಪಡಿಸಿದನು. ಒಂದು ಶತಮಾನದ ಬಳಿಕ ಆರ್.ಟಿ. ವಿಲಿಯಮ್ಸ್ ಈ ಬಗೆಯ ಮಾರ್ಪಾಟುಗಳನ್ನೆಲ್ಲ ಎರಡು ಹಂತಗಳಲ್ಲಿ ಜೋಡಿಸಿಟ್ಟರು. ಮೊದಲ ಹಂತದಲ್ಲಿ ಉತ್ಕರ್ಷಣ, ಅಪಕರ್ಷಣ ಇಲ್ಲವೆ ಜಲವಿಭಜನೆಯಿಂದ ಔಷಧದ ಅಣುವಿನಲ್ಲಿ ಒಂದು ಹಿಡಿಕೆ ಮೂಡುತ್ತದೆ. ಎರಡನೆಯ ಹಂತದಲ್ಲಿ ಆ ಹಿಡಿಕೆಗೆ ಗ್ಲುಕುರಾನಿಕ್ ಆಮ್ಲ, ಸಲ್ಫೇಟ್, ಅಸಿಟೈಲ್ ಗುಂಪು, ಗ್ಲುಟಾಥಯೋನ್ ಮುಂತಾದವುಗಳಲ್ಲಿ ಒಂದು ಅಂಟಿಕೊಳ್ಳುತ್ತದೆ. ಹೀಗೆ ಜೋಡಣೆಯಾದ ಅಣು ಸಾಮಾನ್ಯವಾಗಿ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೂತ್ರಪಿಂಡ ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಎಲ್ಲ ಮದ್ದುಗಳೂ ಈ ಎರಡು ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಹತ್ತುವುದಿಲ್ಲ. ಕೆಲವು ನೇರವಾಗಿ ಎರಡನೆಯದಕ್ಕೆ ಹೋಗುತ್ತವೆ, ಕೆಲವು ಯಾವ ಬದಲಾವಣೆಯೂ ಇಲ್ಲದೆ ಹೊರಬೀಳುತ್ತವೆ.

ಮೊದಲ ಹಂತದ ಕಿಣ್ವಗಳಲ್ಲಿ ಮುಖ್ಯವಾದವು ಸೈಟೋಕ್ರೋಮ್ ಪಿ-450 ಎಂಬ ಕುಟುಂಬಕ್ಕೆ ಸೇರಿದವು. ರಕ್ತದ ಹಿಮೊಗ್ಲೋಬಿನ್‌ನಲ್ಲಿ ಇರುವಂತೆಯೇ ಇವುಗಳ ನಡುವೆಯೂ ಕಬ್ಬಿಣದ ಅಣುಭಾಗವೊಂದಿದ್ದು, ಅದು ಉಸಿರಿನ ಆಮ್ಲಜನಕವನ್ನು ಹಿಡಿದು ಔಷಧಕ್ಕೆ ಸೇರಿಸುತ್ತದೆ. ಕಾರ್ಬನ್ ಮೊನಾಕ್ಸೈಡ್ ಜೊತೆಗೂಡಿದಾಗ 450 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಹೀರುವ ಗುಣದಿಂದ ಈ ಹೆಸರು ಬಂತು. ಜಪಾನಿನ ಒಮುರಾ ಮತ್ತು ಸಾಟೊ 1962 ಮತ್ತು 1964ರ ತಮ್ಮ ಬರಹಗಳಲ್ಲಿ ಇದನ್ನು ವಿವರಿಸಿದರು. ಮನುಷ್ಯನಲ್ಲಿ ಈ ಕುಟುಂಬದ 57 ವಂಶವಾಹಿಗಳಿದ್ದರೂ ಔಷಧಗಳ ಮಟ್ಟಿಗೆ ಎಣಿಕೆಗೆ ಬರುವವು ಹತ್ತಾರು ಮಾತ್ರ. ಅವುಗಳಲ್ಲಿ ಸಿವೈಪಿ 3ಎ4 ಎಂಬ ಒಂದೇ ಕಿಣ್ವ ಬಳಕೆಯಲ್ಲಿರುವ ಮದ್ದುಗಳ ಮೂರನೆಯ ಒಂದರಿಂದ ಅರ್ಧದಷ್ಟನ್ನು ನಿಭಾಯಿಸುತ್ತದೆ. ಸಿವೈಪಿ 2ಡಿ6, 2ಸಿ9, 2ಸಿ19, 1ಎ2, 2ಇ1 ಉಳಿದ ಪ್ರಮುಖರು.

ಇಲ್ಲಿ ಒಂದು ಗೊಂದಲವನ್ನು ಬಿಡಿಸುವುದು ಅಗತ್ಯ. ರಕ್ತಪರೀಕ್ಷೆಯ ಚೀಟಿಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂದು ಬರೆದಿರುವುದನ್ನು ಜನ "ಲಿವರ್ ಎನ್‌ಜೈಮ್" ಎಂದು ಕರೆಯುತ್ತಾರೆ. ಅವು ಯಕೃತ್ತಿನ ಕೋಶಗಳ ಒಳಗೆ ಅಮೈನೋ ಆಮ್ಲಗಳ ಕೆಲಸ ಮಾಡುವ ಬೇರೆ ಕಿಣ್ವಗಳು. ಕೋಶಗಳು ಗಾಯಗೊಂಡಾಗ ಸೋರಿ ರಕ್ತಕ್ಕೆ ಬರುತ್ತವೆ. ಅವು ಏರಿದರೆ ಯಕೃತ್ತಿಗೆ ಏಟು ಬಿದ್ದಿದೆಯೆಂದು ತಿಳಿಯಬೇಕೇ ಹೊರತು ಔಷಧ ಒಡೆಯುವ ಶಕ್ತಿ ಏರಿದೆಯೆಂದಾಗಲಿ ಇಳಿದಿದೆಯೆಂದಾಗಲಿ ಅಲ್ಲ.

ಒಡೆಯುವುದರಿಂದಲೇ ಫಲಿಸುವ ಮದ್ದು, ಒಡೆಯುವುದರಿಂದಲೇ ಹುಟ್ಟುವ ವಿಷ

ಯಕೃತ್ತನ್ನು ವಿಷ ತೊಳೆಯುವ ಅಂಗವೆಂದು ಬಣ್ಣಿಸುವ ವಾಡಿಕೆ ಅರ್ಧಸತ್ಯ. ಕಿಣ್ವಕ್ಕೆ ಮದ್ದು, ವಿಷ ಎಂಬ ಭೇದ ಗೊತ್ತಿಲ್ಲ. ತನ್ನ ಅಚ್ಚಿಗೆ ಹೊಂದುವ ಅಣುವನ್ನು ಅದು ಮಾರ್ಪಡಿಸುತ್ತದೆ, ಫಲ ಏನಾದರೂ ಆಗಬಹುದು. ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್ ಯಕೃತ್ತಿನ ಎಸ್ಟರೇಸ್ ಕಿಣ್ವದಿಂದ ಎನಾಲಪ್ರಿಲಾಟ್ ಆದ ಮೇಲಷ್ಟೇ ಕೆಲಸ ಮಾಡುತ್ತದೆ. ಹೃದಯಾಘಾತವಾದವರಿಗೆ ಕೊಡುವ ಕ್ಲೋಪಿಡೋಗ್ರೆಲ್ ಸಿವೈಪಿ 2ಸಿ19ರಿಂದ ಸಕ್ರಿಯಗೊಳ್ಳಬೇಕು. ಈ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರಿಗೆ ಅದರ ಪ್ರಯೋಜನ ಕಡಿಮೆ. ಪುದುಚೇರಿಯ ಜಿಪ್ಮರ್ ಸಂಸ್ಥೆಯ ಸಂಶೋಧಕರು ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಜನರಲ್ಲಿ 2ಸಿ9 ಮತ್ತು 2ಸಿ19 ಕಿಣ್ವಗಳ ವಂಶವಾಹಿ ಭೇದಗಳನ್ನು ಅಧ್ಯಯನ ಮಾಡಿದ್ದು, ಇಂಥ ದುರ್ಬಲ ರೂಪ ಯುರೋಪಿನವರಿಗಿಂತ ಇಲ್ಲಿ ಹೆಚ್ಚೆಂಬುದು ಅರಿವಿಗೆ ಬಂದಿದೆ.

ಇದಕ್ಕೆ ಎದುರಾದ ಉದಾಹರಣೆ ಜ್ವರಕ್ಕೆ ಮನೆಮನೆಯಲ್ಲಿ ಬಳಸುವ ಪ್ಯಾರಸಿಟಮಾಲ್. ಅದರ ಬಹುಪಾಲು ಗ್ಲುಕುರಾನಿಕ್ ಆಮ್ಲ ಮತ್ತು ಸಲ್ಫೇಟ್‌ಗಳ ಜೋಡಣೆಯಿಂದ ನಿರಪಾಯವಾಗಿ ಹೊರಹೋಗುತ್ತದೆ, ಸುಮಾರು ಶೇ. 5ರಿಂದ 10ರಷ್ಟು ಮಾತ್ರ ಸಿವೈಪಿ 2ಇ1ರ ಕೈಗೆ ಸಿಕ್ಕಿ ತೀಕ್ಷ್ಣವಾದ ವಿಷವಸ್ತುವಾಗುತ್ತದೆ. ಅಷ್ಟನ್ನು ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ತಕ್ಷಣ ಹಿಡಿದು ನಿರಸನಗೊಳಿಸುತ್ತದೆ. ಮಿತಿ ಮೀರಿ ನುಂಗಿದಾಗ ಜೋಡಣೆಯ ದಾರಿಗಳು ತುಂಬಿಹೋಗಿ, ಗ್ಲುಟಾಥಯೋನ್ ಬರಿದಾಗಿ, ವಿಷ ಯಕೃತ್ತಿನ ಕೋಶಗಳನ್ನೇ ಕೊಲ್ಲುತ್ತದೆ. ನಿತ್ಯ ಸಾರಾಯಿ ಕುಡಿಯುವವರಲ್ಲಿ 2ಇ1 ಹೆಚ್ಚಿರುತ್ತದೆ, ಹೊಟ್ಟೆಗೆ ಸಾಲದವರಲ್ಲಿ ಗ್ಲುಟಾಥಯೋನ್ ಕಡಿಮೆಯಿರುತ್ತದೆ. ಎರಡೂ ಕೂಡಿದವರಿಗೆ ಅಪಾಯದ ಗೆರೆ ಇನ್ನೂ ಹತ್ತಿರ. ಅಸಿಟೈಲ್ ಸಿಸ್ಟೀನ್ ಎಂಬ ಮದ್ದು ಗ್ಲುಟಾಥಯೋನ್ ಕಣಜವನ್ನು ಮತ್ತೆ ತುಂಬುವುದರಿಂದ ಬೇಗ ಕೊಟ್ಟರೆ ಜೀವ ಉಳಿಯುತ್ತದೆ.

ಗಂಗಾವತಿ ಸುತ್ತಿನ ಗದ್ದೆಗಳಲ್ಲಿ ಕೀಟನಾಶಕ ಸಿಂಪಡಿಸುವುದನ್ನು "ಎಣ್ಣಿ ಹೊಡೆಯುವುದು" ಎನ್ನುತ್ತಾರೆ. ಭತ್ತದ ಕಾಂಡಕೊರಕದ ನಿಯಂತ್ರಣಕ್ಕೆ ಬಳಕೆಯಾಗುವ ಕ್ಲೋರ್‌ಪೈರಿಫಾಸ್ ಆರ್ಗನೋಫಾಸ್ಫೇಟ್ ಗುಂಪಿಗೆ ಸೇರಿದ್ದು, ಡಬ್ಬಿಯಲ್ಲಿರುವ ರೂಪದಲ್ಲಿ ಅದು ನರಗಳ ಮೇಲೆ ಅಷ್ಟಾಗಿ ಎರಗುವುದಿಲ್ಲ. ಯಕೃತ್ತಿನ ಪಿ-450 ಕಿಣ್ವಗಳು ಅದರಲ್ಲಿರುವ ಗಂಧಕದ ಪರಮಾಣುವನ್ನು ಕಿತ್ತು ಆಮ್ಲಜನಕವನ್ನು ಕೂರಿಸಿದಾಗ ಹುಟ್ಟುವ ಆಕ್ಸಾನ್ ಎಂಬ ರೂಪವೇ ನಿಜವಾದ ವಿಷ. ಆದ್ದರಿಂದಲೇ ಇಂಥ ವಿಷ ಮೈಗೇರಿದವರು ಮೊದಮೊದಲು ಚೇತರಿಸಿಕೊಂಡವರಂತೆ ಕಂಡು ತಾಸುಗಳ ಬಳಿಕ ಕುಸಿಯಬಹುದು. ಆರಾಮವಾಗಿದ್ದಾರೆಂದು ಮನೆಗೆ ಕರೆದೊಯ್ಯುವುದು ಪ್ರಾಣಾಂತಿಕ ತಪ್ಪಾಗುತ್ತದೆ. ಇದೇ ಗುಂಪಿನ ಮೊನೊಕ್ರೊಟೊಫಾಸ್ ಹಾಗಲ್ಲ, ಅದಕ್ಕೆ ಯಕೃತ್ತಿನ ನೆರವು ಬೇಡ, ಹೊಕ್ಕ ಕೂಡಲೇ ಎರಗುತ್ತದೆ. ಆಕ್ಸಾನನ್ನು ಒಡೆಯುವ ಪ್ಯಾರಾಕ್ಸೊನೇಸ್ ಎಂಬ ಇನ್ನೊಂದು ಕಿಣ್ವವನ್ನು ಕೂಡ ಯಕೃತ್ತೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಒಂದೇ ಅಂಗ ಒಂದು ಕೈಯಿಂದ ವಿಷವನ್ನು ಹರಿತಗೊಳಿಸಿ ಇನ್ನೊಂದು ಕೈಯಿಂದ ಅದನ್ನು ಮೊಂಡು ಮಾಡುತ್ತಿರುವಾಗ, ಯಾವ ಕೈ ಮುಂದೆ ಎಂಬುದನ್ನು ವಿಷದ ಪ್ರಮಾಣವೂ ವ್ಯಕ್ತಿಯ ವಂಶವಾಹಿಯೂ ನಿರ್ಧರಿಸುತ್ತವೆ.

ನೆರೆಯ ರಾಯಚೂರು ಸೀಮೆಯಲ್ಲಿ ಸಿ.ಎಚ್. ಪೌಡರ್ ಎಂದು ಕುಖ್ಯಾತವಾದ ಕ್ಲೋರಲ್ ಹೈಡ್ರೇಟ್ ಪುಡಿಯನ್ನು ಬೆರೆಸಿದ ಕಲಬೆರಕೆ ಸೇಂದಿಯ ಕಥೆಯೂ ಇದೇ ಬಗೆಯದು. 1869ರಲ್ಲಿ ಜರ್ಮನಿಯ ಆಸ್ಕರ್ ಲೀಬ್ರೈಖ್ ನಿದ್ರೆಯ ಮದ್ದಾಗಿ ಪರಿಚಯಿಸಿದ ಈ ಪುಡಿ ರಕ್ತದಲ್ಲಿ ಕ್ಲೋರೋಫಾರ್ಮ್ ಆಗುತ್ತದೆಂದು ಅವನು ನಂಬಿದ್ದನು. ಹಾಗಾಗುವುದಿಲ್ಲ, ಮದ್ಯಸಾರವನ್ನು ಒಡೆಯುವ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವೇ ಅದನ್ನು ಟ್ರೈಕ್ಲೋರೊಎಥನಾಲ್ ಆಗಿ ಮಾರ್ಪಡಿಸುತ್ತದೆ, ಮತ್ತು ಮಂಪರು ತರುವುದು ಮುಖ್ಯವಾಗಿ ಅದೇ. ಜೊತೆಗೆ ಮದ್ಯ ಕುಡಿದರೆ ಈ ಮಾರ್ಪಾಟು ಇನ್ನೂ ಚುರುಕಾಗುತ್ತದೆ, ಹುಟ್ಟಿದ ವಸ್ತುವಾದರೋ ಮದ್ಯದ ವಿಘಟನೆಗೆ ಅಡ್ಡಬರುತ್ತದೆ. ಒಂದರ ಅಮಲನ್ನು ಇನ್ನೊಂದು ಹಿಗ್ಗಿಸುವ ಈ ಸುಳಿಯಲ್ಲಿ ಉಸಿರೇ ನಿಲ್ಲಬಹುದು.

ಕ್ಷಯದ ಮಾತ್ರೆಗಳು

ಕಿಣ್ವಗಳ ವೈವಿಧ್ಯವನ್ನು ಕ್ಷಯ ಚಿಕಿತ್ಸೆಯಷ್ಟು ಸ್ಪಷ್ಟವಾಗಿ ತೋರಿಸುವ ಬೇರೊಂದು ಕ್ಷೇತ್ರವಿಲ್ಲ. ಸರ್ಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಸಾಮಾನ್ಯ ರೋಗಿಗೆ ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕನ್ನೂ, ಮುಂದಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರನ್ನೂ ತೂಕಕ್ಕೆ ತಕ್ಕಂತೆ ಪ್ರತಿದಿನ ಕೊಡಲಾಗುತ್ತದೆ. ಮೊದಲ ಮೂರೂ ಯಕೃತ್ತಿಗೆ ಹೊರೆಯಾಗಬಲ್ಲವು.

ಐಸೋನಿಯಾಜಿಡನ್ನು ನಿಷ್ಕ್ರಿಯಗೊಳಿಸುವುದು ಎನ್‌ಎಟಿ2 ಎಂಬ ಎರಡನೆಯ ಹಂತದ ಕಿಣ್ವ; ಅದು ಮದ್ದಿಗೆ ಅಸಿಟೈಲ್ ಗುಂಪನ್ನು ಅಂಟಿಸುತ್ತದೆ. ಈ ಕಿಣ್ವ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ, ಮತ್ತು ಆ ಗುಣ ತಂದೆತಾಯಿಯರಿಂದ ಬರುವಂಥದು. 1956ರಲ್ಲಿ ಆರಂಭವಾದ ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರದ ಸಂಶೋಧಕರು ದಕ್ಷಿಣ ಭಾರತದ ರೋಗಿಗಳಲ್ಲಿ ಐಸೋನಿಯಾಜಿಡ್ ನಿಷ್ಕ್ರಿಯವಾಗುವ ವೇಗವನ್ನು ಅಳೆದು 1961ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನ ನಿಧಾನದ ಗುಂಪಿನವರಾಗಿದ್ದರು. ನಿಧಾನದವರಲ್ಲಿ ಮದ್ದು ಹೆಚ್ಚು ಹೊತ್ತು ಉಳಿಯುವುದು ರೋಗಾಣುವನ್ನು ಕೊಲ್ಲಲು ಅನುಕೂಲವೇ ಆದರೂ, ಬಿ6 ಜೀವಸತ್ವಕ್ಕೆ ಅಡ್ಡಬಂದು ಕೈಕಾಲು ಜೋಮು ಹಿಡಿಯುವ ನರದೌರ್ಬಲ್ಯವನ್ನು ತರುತ್ತದೆ. ಕ್ಷಯದ ಮಾತ್ರೆಗಳ ಜೊತೆಗೆ ಪೈರಿಡಾಕ್ಸಿನ್ ಗುಳಿಗೆ ಕೊಡುವುದು ಇದನ್ನು ತಡೆಯಲು; ಅದನ್ನು ಬರಿಯ ಶಕ್ತಿಯ ಗುಳಿಗೆಯೆಂದು ಬದಿಗಿಡುವುದು ಸರಿಯಲ್ಲ. ಐಸೋನಿಯಾಜಿಡ್ ಒಡೆದಾಗ ಹುಟ್ಟುವ ಅಸಿಟೈಲ್ ಹೈಡ್ರಜೀನನ್ನು ಕೂಡ ಎನ್‌ಎಟಿ2ವೇ ನಿರಪಾಯಗೊಳಿಸಬೇಕಾಗಿದ್ದು, ಅದು ತಡವಾದರೆ ಸಿವೈಪಿ 2ಇ1 ಅದನ್ನು ಯಕೃತ್ತಿಗೆ ಹಾನಿಕರವಾದ ರೂಪಕ್ಕೆ ತಿರುಗಿಸುತ್ತದೆ. ಚಿಕಿತ್ಸೆಯ ಕಾಲದಲ್ಲಿ ಸಾರಾಯಿ ಬಿಡಬೇಕೆಂದು ಆರೋಗ್ಯ ಕಾರ್ಯಕರ್ತರು ಹೇಳುವ ಮಾತಿಗೆ ಇಷ್ಟು ಗಟ್ಟಿಯಾದ ರಾಸಾಯನಿಕ ಆಧಾರವಿದೆ. ವಾಂತಿ, ಹಸಿವಿಲ್ಲದಿರುವಿಕೆ, ಕಾಮಾಲೆ, ಎಂದರೆ ಈ ಭಾಗದ ಆಡುಮಾತಿನ ಕಾಮಣಿ, ಕಾಣಿಸಿಕೊಂಡು ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ, ಲಕ್ಷಣಗಳಿಲ್ಲದಿದ್ದರೂ ಐದು ಪಟ್ಟು ದಾಟಿದರೆ, ವೈದ್ಯರು ಈ ಮಾತ್ರೆಗಳನ್ನು ನಿಲ್ಲಿಸಿ, ಯಕೃತ್ತು ಸುಧಾರಿಸಿದ ಮೇಲೆ ಒಂದೊಂದಾಗಿ ಮತ್ತೆ ಆರಂಭಿಸುತ್ತಾರೆ.

ರಿಫಾಂಪಿಸಿನ್‌ನ ನಡತೆ ಬೇರೆ. ಮೂತ್ರಕ್ಕೆ ಕಿತ್ತಳೆ ಬಣ್ಣ ಬರಿಸುವುದರಿಂದ ರೋಗಿಗಳಿಗೆಲ್ಲ ಪರಿಚಿತವಾದ ಈ ಮದ್ದು ಯಕೃತ್ತಿನ ಕೋಶಗಳಿಗೆ ಇನ್ನಷ್ಟು ಕಿಣ್ವಗಳನ್ನು ತಯಾರಿಸುವಂತೆ ಸನ್ನೆ ಕೊಡುತ್ತದೆ. ಇದಕ್ಕೆ ಕಿಣ್ವ ಪ್ರೇರಣೆಯೆನ್ನುತ್ತಾರೆ. ಸಿವೈಪಿ 3ಎ4 ಹಲವು ಪಟ್ಟು ಹೆಚ್ಚುವುದರಿಂದ ಜೊತೆಗೆ ನುಂಗುವ ಬೇರೆ ಮದ್ದುಗಳು ಕೆಲಸ ಮಾಡುವ ಮೊದಲೇ ಒಡೆದುಹೋಗುತ್ತವೆ. ಮಾಲಾ-ಎನ್ ಗುಳಿಗೆಯನ್ನು ಒಂದು ದಿನವೂ ತಪ್ಪಿಸದ ಹೆಂಗಸು ಕ್ಷಯದ ಚಿಕಿತ್ಸೆಯ ನಡುವೆ ಬಸುರಾಗಬಹುದು. ಆಗ ಮನೆಯವರು ಅವಳ ಮರೆವನ್ನು ದೂರುತ್ತಾರೆ, ಆದರೆ ತಪ್ಪು ಅವಳದಲ್ಲ. ಚಿಕಿತ್ಸೆ ಆರಂಭಿಸುವ ದಿನವೇ ಬೇರೆ ಗರ್ಭನಿರೋಧಕದ ಏರ್ಪಾಡನ್ನು ತಿಳಿಸುವುದು ಆರೋಗ್ಯ ಕೇಂದ್ರದ ಕರ್ತವ್ಯವಾಗಬೇಕು. ಎಚ್‌ಐವಿ ಸೋಂಕೂ ಇರುವವರಿಗೆ ಕೊಡುವ ಡೊಲುಟೆಗ್ರಾವಿರನ್ನು ಇದೇ ಕಾರಣಕ್ಕೆ ದಿನಕ್ಕೆ ಒಂದರ ಬದಲು ಎರಡು ಸಲ 50 ಮಿಲಿಗ್ರಾಂನಂತೆ ಕೊಡಬೇಕಾಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಸುಮಾರು ಎರಡು ವಾರಗಳಲ್ಲಿ ಹೆಚ್ಚಿದ ಕಿಣ್ವಗಳು ಮೊದಲಿನ ಮಟ್ಟಕ್ಕೆ ಇಳಿಯುತ್ತವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ಚಿಕಿತ್ಸೆಯ ವೇಳೆ ಅದರ ಪ್ರಮಾಣ ಏರಿಸಿರುತ್ತಾರೆ. ಅಂಥವರು ಗುಳೆ ಹೋದ ಊರಿನಲ್ಲಿ ಕ್ಷಯದ ಮಾತ್ರೆ ಮುಗಿದು, ವಾರ್ಫರಿನ್ನನ್ನು ಏರಿಸಿದ ಪ್ರಮಾಣದಲ್ಲೇ ಮುಂದುವರಿಸಿದರೆ ರಕ್ತಸ್ರಾವದ ಗಂಡಾಂತರ ಎದುರಾಗುತ್ತದೆ.

ಐಸೋನಿಯಾಜಿಡ್ ಇದಕ್ಕೆ ವಿರುದ್ಧವಾಗಿ ಕೆಲವು ಕಿಣ್ವಗಳನ್ನು ತಡೆಯುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನನ್ನು ಒಡೆಯುವ ಕಿಣ್ವಗಳ ಸಾಮರ್ಥ್ಯ ಮೊದಲೇ ಸೀಮಿತವಾದದ್ದು. ಅವು ಭರ್ತಿಯಾದ ಮೇಲೆ ಪ್ರಮಾಣವನ್ನು ಚೂರು ಹೆಚ್ಚಿಸಿದರೂ ರಕ್ತದ ಮಟ್ಟ ದಿಢೀರನೆ ಏರುತ್ತದೆ. ಅಂಥ ರೋಗಿಗೆ ಐಸೋನಿಯಾಜಿಡ್ ಸೇರಿದಾಗ, ವಿಶೇಷವಾಗಿ ಅವನು ನಿಧಾನದ ಗುಂಪಿನವನಾಗಿದ್ದರೆ, ತೂರಾಡುವಿಕೆ, ತೊದಲು, ಕಣ್ಣು ಅದುರುವಿಕೆ ತಲೆದೋರುತ್ತವೆ. ಕುಡಿದಿದ್ದಾನೆಂದು ಜನ ತಪ್ಪಾಗಿ ತಿಳಿಯುವುದುಂಟು.

ಹೊಗೆ, ಹಣ್ಣು, ಹಸುಗೂಸು

ದಮ್ಮಿಗೆ ಕೊಡುವ ಡೆರಿಫಿಲಿನ್ ಮಾತ್ರೆಯಲ್ಲಿರುವ ಥಿಯೋಫಿಲಿನನ್ನು ಒಡೆಯುವ ಸಿವೈಪಿ 1ಎ2 ಬೀಡಿಯ ಹೊಗೆಯಿಂದ ಚುರುಕಾಗುತ್ತದೆ. ಬೀಡಿ ಬಿಟ್ಟವನಲ್ಲಿ ಅದು ತಗ್ಗುವುದರಿಂದ, ಹಿಂದಿನಷ್ಟೇ ಮಾತ್ರೆ ಈಗ ಎದೆಬಡಿತ, ವಾಕರಿಕೆ ತರಬಹುದು. ಬೀಡಿ ಬಿಟ್ಟದ್ದನ್ನು ವೈದ್ಯರಿಗೆ ಹೇಳಿ ಪ್ರಮಾಣ ಇಳಿಸಿಕೊಳ್ಳುವುದು ಇದಕ್ಕೆ ಪರಿಹಾರ. ಚಕ್ಕೋತಕ್ಕೆ ಹತ್ತಿರದ ಗ್ರೇಪ್‌ಫ್ರೂಟ್ ಹಣ್ಣಿನ ರಸ ಕರುಳಿನ ಸಿವೈಪಿ 3ಎ4ನ್ನು ತಡೆದು ಕೆಲವು ಮದ್ದುಗಳ ಮಟ್ಟವನ್ನು ಏರಿಸುತ್ತದೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಬೆಳೆಯುವ ದಾಳಿಂಬೆಯ ರಸವೂ ಪ್ರಯೋಗನಳಿಕೆಯಲ್ಲಿ ಈ ಕಿಣ್ವವನ್ನು ತಡೆಯುತ್ತದೆಯಾದರೂ, ಮಿಡಜೋಲಾಮ್ ಎಂಬ ಮದ್ದಿನೊಡನೆ ಮನುಷ್ಯರಲ್ಲಿಯೇ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ಪರಿಣಾಮ ಕಂಡುಬರಲಿಲ್ಲ. ನಳಿಕೆಯಲ್ಲಿ ಕಂಡದ್ದೆಲ್ಲ ದೇಹದಲ್ಲಿಯೂ ನಡೆಯಬೇಕೆಂದಿಲ್ಲ.

ಹಸುಗೂಸಿನಲ್ಲಿ ಗ್ಲುಕುರಾನಿಕ್ ಆಮ್ಲ ಜೋಡಿಸುವ ಕಿಣ್ವ ಇನ್ನೂ ಬಲಿತಿರುವುದಿಲ್ಲ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಮೈ ಹಳದಿಯಾಗುವುದಕ್ಕೆ ಇದು ಮುಖ್ಯ ಕಾರಣ. ಕ್ಲೋರಾಂಫೆನಿಕಾಲ್ ಎಂಬ ಜೀವಿರೋಧಕ ಕೂಸುಗಳ ಸಾವಿಗೆ ಕಾರಣವಾದದ್ದು 1959ರ ಹೊತ್ತಿಗೆ ಬೆಳಕಿಗೆ ಬಂದದ್ದೂ ಇದರಿಂದಲೇ. ಉತ್ತರ ಕರ್ನಾಟಕದ ಕೆಲವೆಡೆ ಕಾಮಣಿಯೆಂದು ಕೂಸಿನ ಮೈಗೆ ಬರೆ ಹಾಕುವ ಪದ್ಧತಿ ಇನ್ನೂ ಉಳಿದಿರುವುದು ನೋವಿನ ಸಂಗತಿ. ಬರೆಯಿಂದ ಕಿಣ್ವ ಹುಟ್ಟುವುದಿಲ್ಲ, ಸೋಂಕು ಹುಟ್ಟುತ್ತದೆ. ಆಸ್ಪತ್ರೆಯ ನೀಲಿ ಬೆಳಕಾದರೋ ಹಳದಿ ವರ್ಣದ್ರವ್ಯದ ಆಕಾರವನ್ನು ಬದಲಿಸಿ ನೀರಿನಲ್ಲಿ ಕರಗುವಂತೆ ಮಾಡಿ, ಕಿಣ್ವ ಬಲಿಯುವವರೆಗೆ ಅದರ ಕೆಲಸವನ್ನು ತಾನು ಮಾಡುತ್ತದೆ.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ

ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಬ್ಯುಟಿರಿಲ್ ಕೋಲಿನೆಸ್ಟರೇಸ್ ಎಂಬ ಕಿಣ್ವಕ್ಕೆ ಈ ಸೀಮೆಯಲ್ಲಿ ಎರಡು ಮಹತ್ವಗಳಿವೆ. ಅರಿವಳಿಕೆಯ ಆರಂಭದಲ್ಲಿ ಉಸಿರುನಳಿಕೆ ಇಳಿಸಲು ಸ್ನಾಯುಗಳನ್ನು ಸಡಿಲಿಸುವ ಸಕ್ಸಮೆಥೋನಿಯಂ ಎಂಬ ಚುಚ್ಚುಮದ್ದನ್ನು ಒಡೆಯುವುದು ಇದೇ ಕಿಣ್ವ; ಸಾಮಾನ್ಯರಲ್ಲಿ ಕೆಲವೇ ನಿಮಿಷಗಳಲ್ಲಿ ಮದ್ದಿನ ಪ್ರಭಾವ ಇಳಿದು ರೋಗಿ ತಾನೇ ಉಸಿರಾಡತೊಡಗುತ್ತಾನೆ. ಕಿಣ್ವ ಇಲ್ಲದವರಲ್ಲಿ ತಾಸುಗಟ್ಟಲೆ ಉಸಿರಾಟದ ಸ್ನಾಯುಗಳು ಮಲಗಿಬಿಡುತ್ತವೆ. ವರ್ನರ್ ಕ್ಯಾಲೋ 1950ರ ದಶಕದಲ್ಲಿ ಕೆನಡಾದಲ್ಲಿ ಈ ಕಿಣ್ವದ ಆನುವಂಶಿಕ ಭೇದಗಳನ್ನು ಗುರುತಿಸಿದ್ದು ಔಷಧ ತಳಿವಿಜ್ಞಾನದ ಬುನಾದಿಗಳಲ್ಲಿ ಒಂದಾಯಿತು. ಯುರೋಪಿನವರಲ್ಲಿ ಸಾವಿರಾರು ಜನರಲ್ಲಿ ಒಬ್ಬರಲ್ಲಿಯೂ ಕಾಣದ ಈ ಪೂರ್ಣ ಕೊರತೆ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಗಣನೀಯವಾಗಿದೆ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಸಹವರ್ತಿಗಳೊಡನೆ 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಕಿಣ್ವದ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದಿರುವುದೇ ಇದಕ್ಕೆ ಕಾರಣವೆಂದು ತೋರಿಸಿತು. ತಲೆಮಾರುಗಳಿಂದ ಸಮುದಾಯದೊಳಗೇ ಮದುವೆಗಳಾಗುತ್ತ ಬಂದುದರಿಂದ ಒಂದು ಪುರಾತನ ಬದಲಾವಣೆ ಹೀಗೆ ಉಳಿದುಬಂದಿದೆ. ಇದು ರೋಗವಲ್ಲ, ಈ ಗುಣವುಳ್ಳವರು ನಿತ್ಯಜೀವನದಲ್ಲಿ ಪೂರ್ಣ ಆರೋಗ್ಯವಂತರು.

ಗಂಗಾವತಿ, ಕೊಪ್ಪಳಗಳ ಪೇಟೆಯಲ್ಲಿ ವ್ಯಾಪಾರನಿರತರಾದ ಆರ್ಯವೈಶ್ಯ ಕುಟುಂಬಗಳು ಇರುವುದರಿಂದ, ಶಸ್ತ್ರಚಿಕಿತ್ಸೆಗೆ ಮುನ್ನ ಸಮುದಾಯವನ್ನೂ ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಎಚ್ಚರ ಅಥವಾ ಉಸಿರು ತಡವಾಗಿತ್ತೇ ಎಂಬುದನ್ನೂ ವಿಚಾರಿಸುವುದು ಬರಿಯ ಔಪಚಾರಿಕತೆಯಾಗಬಾರದು. ರಕ್ತಪರೀಕ್ಷೆಯಿಂದ ಕೊರತೆ ಮೊದಲೇ ತಿಳಿದರೆ ಈ ಕಿಣ್ವದ ಹಂಗಿಲ್ಲದ ರೋಕುರೋನಿಯಂನಂಥ ಮದ್ದನ್ನು ಆರಿಸಬಹುದು. ತಿಳಿಯದೆ ಕೊಟ್ಟುಬಿಟ್ಟಿದ್ದರೂ ಕೃತಕ ಉಸಿರಾಟವನ್ನು ತಾಳ್ಮೆಯಿಂದ ಮುಂದುವರಿಸಿದರೆ ರೋಗಿ ಯಾವ ಊನವೂ ಇಲ್ಲದೆ ಏಳುತ್ತಾನೆ.

ಆರ್ಗನೋಫಾಸ್ಫೇಟ್ ವಿಷ ಸೇರಿದ್ದನ್ನು ಕಂಡುಹಿಡಿಯಲು ಆಸ್ಪತ್ರೆಗಳು ಅಳೆಯುವುದು ಕೂಡ ರಕ್ತದಲ್ಲಿರುವ ಇದೇ ಕಿಣ್ವವನ್ನು. ವಿಷ ಅದಕ್ಕೆ ಬಿಗಿಯಾಗಿ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಯಕೃತ್ತು ಹೊಸದನ್ನು ತಯಾರಿಸಿ ಮೊದಲಿನ ಮಟ್ಟಕ್ಕೆ ತರಲು ವಾರಗಳು ಹಿಡಿಯುತ್ತವೆ, ಆ ಅವಧಿಯಲ್ಲಿ ಅಂಥವರಿಗೂ ಸಕ್ಸಮೆಥೋನಿಯಂ ಅಪಾಯಕಾರಿ. ಹೀಗಾಗಿ ಪ್ರಯೋಗಶಾಲೆಯ ಚೀಟಿಯಲ್ಲಿ ಕೋಲಿನೆಸ್ಟರೇಸ್ ತೀರ ಕಡಿಮೆಯೆಂದು ಬಂದರೆ ಅದು ಗದ್ದೆಯಲ್ಲಿ ಎಣ್ಣಿ ಹೊಡೆದವನ ಮೈ ಸೇರಿದ ವಿಷವೂ ಆಗಿರಬಹುದು, ಅಂಗಡಿಯಲ್ಲಿ ಕುಳಿತವನಿಗೆ ಹುಟ್ಟಿನಿಂದ ಬಂದ ಕೊರತೆಯೂ ಆಗಿರಬಹುದು. ಮೊದಲನೆಯವನಲ್ಲಿ ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟಾಗಿ, ಬೆವರು, ಜೊಲ್ಲು ಸುರಿಯುತ್ತಿರುತ್ತವೆ. ಎರಡನೆಯವನಲ್ಲಿ ಇವಾವುವೂ ಇರುವುದಿಲ್ಲ.